ದೂರಿಗೆ ಸಹಿ ಹಾಕಿದವರು ಯಾರು ಅಂತ ನೋಡು

ಪುಟ್ಟಿ, ದೊಡ್ಡಪ್ಪನ ಆಶೀರ್ವಾದ.

ಅಮೆರಿಕದ ಮ್ಯಾಸಚೂಸೆಟ್ಸ್‌ನ ಸೇಲಂನಲ್ಲಿ ನಡೆದ ಮಾಟಗಾತಿ ವಿಚಾರಣೆ ಬಗ್ಗೆ ನೀನು ಕಳಿಸಿದ ಕರಡು ಓದಿದೆ. ನೆರೆಹೊರೆಯವರು ಮಾಟ ಮಾಡಿದರು ಅಂತ ಸುಳ್ಳು ಹೇಳಿದ ಆ ಹುಡುಗಿಯರನ್ನು ಕೋರ್ಟಿಗೆ ಎಳೆಯಬೇಕಿತ್ತು ಅಂತ ಬರೆದಿದ್ದೀಯ. ಸಿಟ್ಟು ಬರುವ ವಿಷಯವೇ ಅದು. 1692ರಲ್ಲಿ 19 ಜನರನ್ನು ಗಲ್ಲಿಗೇರಿಸಿದರು, ಮುದುಕ ಗೈಲ್ಸ್ ಕೋರಿಯನ್ನು ಎದೆ ಮೇಲೆ ಕಲ್ಲು ಹೇರಿ ಕೊಂದರು, ಜೈಲಲ್ಲೇ ಸತ್ತವರು ಬೇರೆ.

ಆದರೆ ಸಹಿ ಯಾರದ್ದು ನೋಡು. ಆ ಹುಡುಗಿಯರಲ್ಲಿ ಒಬ್ಬಳಾದ ಆನ್ ಪಟ್ನಂಗೆ ಆಗ ಬರೀ 12 ವರ್ಷ. ಮೊದಲ ದೂರು ಕೊಟ್ಟವರು ಅವಳ ಅಪ್ಪ ಥಾಮಸ್, ಚಿಕ್ಕಪ್ಪ ಎಡ್ವರ್ಡ್, ಜೊತೆಗೆ ಊರಿನ ಇನ್ನಿಬ್ಬರು ಗಂಡಸರು. ಮೊಕದ್ದಮೆ ಅಂತ ಹೂಡಿದ್ದರೆ ಇವರ ಮೇಲೆ ಹೂಡಬೇಕಿತ್ತು, ಅಲ್ವಾ? ನಿನ್ನ ಕರಡಿನಲ್ಲಿ ಇವರ ಹೆಸರೇ ಇಲ್ಲ.

ಸುಳ್ಳು ಸಾಕ್ಷಿ ಅಂತ ರುಜುವಾತು ಮಾಡುವುದೂ ಸುಲಭವಿರಲಿಲ್ಲ. 'ಅವಳ ಆಕಾರ', ಅಂದರೆ ದೇಹ ಬಿಟ್ಟು ಓಡಾಡುವ ಮಾಯಾರೂಪ, 'ಬಂದು ನನ್ನನ್ನು ಚಿವುಟಿತು' ಅಂತ ಹೇಳಿದರೆ ಕೋರ್ಟು ಒಪ್ಪಿಕೊಳ್ಳುತ್ತಿತ್ತು, ಆ ಹೊತ್ತಿನಲ್ಲಿ ನಾನು ಮನೆಯಲ್ಲಿದ್ದೆ ಅಂತ ಆಪಾದಿತೆ ಎಷ್ಟು ಹೇಳಿದರೂ ಗಾಳಿ ಗುದ್ದಿ ಮೈ ನೋಯಿಸಿಕೊಂಡ ಹಾಗೆ. ಆಪಾದನೆಗೆ ಸಿಕ್ಕ ಅಜ್ಜಿ ರೆಬೆಕಾ ನರ್ಸ್ ಒಳ್ಳೆಯವಳು ಅಂತ ಅವಳ ಪರವಾಗಿ 39 ಜನ ನೆರೆಹೊರೆಯವರು ಸಹಿ ಹಾಕಿ ಕೊಟ್ಟರು. ಜ್ಯೂರಿ ಕೂಡ ಮೊದಲು ನಿರ್ದೋಷಿ ಅಂದಿತ್ತು. ನ್ಯಾಯಾಧೀಶರು ಮತ್ತೆ ಯೋಚಿಸಿ ಅಂತ ಕಳಿಸಿದರು, ತೀರ್ಪು ತಿರುಗಿತು, ಜುಲೈ 19ರಂದು ಆ ಅಜ್ಜಿಯನ್ನು ನೇಣಿಗೆ ಹಾಕಿದರು. ಓದುವಾಗೆಲ್ಲ ನನಗೆ ಸಂಕಟವಾಗುತ್ತದೆ.

ಈಗ ಸೇಲಂ ಹತ್ತಿರದ ಊರು ಆಂಡೋವರ್‌ಗೆ ಬಾ, ಮಾಟದ ಆಪಾದನೆಗಳು ಅಲ್ಲಿಗೂ ಹಬ್ಬಿದ್ದವು, ನಿನ್ನ ಪ್ರಬಂಧದ ಜೀವ ಇರುವುದು ಅಲ್ಲಿ. ಅಲ್ಲಿನವರು ಬಾಸ್ಟನ್ನಿನ ಒಬ್ಬ ದೊಡ್ಡ ಮನುಷ್ಯನ ಮೇಲೂ ದೂರು ಹೇಳಿದರು. ಆತ ಸುಮ್ನೆ ಕೂರಲಿಲ್ಲ. ದೂರಿದವರ ಮೇಲೆ 1,000 ಪೌಂಡಿನ ಮಾನನಷ್ಟ ದಾವೆಯ ವಾರಂಟ್ ಕೊಟ್ಟು ಸ್ನೇಹಿತರನ್ನು ಕಳಿಸಿದ, ನಿಮ್ಮ ಹತ್ತಿರ ಏನು ಪುರಾವೆ ಇದೆ ಅಂತ ವಿಚಾರಿಸಲು ಹೇಳಿದ. ಅಲ್ಲಿಂದಾಚೆ ಆಂಡೋವರ್‌ನಲ್ಲಿ ದೂರುಗಳು ಹೆಚ್ಚುಕಡಿಮೆ ನಿಂತೇಹೋದವು ಅಂತ ಬಾಸ್ಟನ್ ವ್ಯಾಪಾರಿ ರಾಬರ್ಟ್ ಕೇಲಫ್ 1700ರಲ್ಲಿ ಬರೆದಿದ್ದಾನೆ. ಸಾವಿರ ಪೌಂಡಿನ ದಾವೆ ಹೂಡುವ ತಾಕತ್ತು ಅದೇ ಊರಿನ ರೈತನ ಹೆಂಡತಿಗೆ ಎಲ್ಲಿತ್ತು? ಈ ಪ್ರಶ್ನೆಯನ್ನು ಬಿಡಬೇಡ.

ದಾವೆ ಗೆದ್ದರೆ ಎಲ್ಲ ಸರಿಹೋಗುತ್ತದೆ ಅಂತಲೂ ಬರೆಯಬೇಡ. ಅದೇ ಮ್ಯಾಸಚೂಸೆಟ್ಸ್‌ನ ನಾರ್ಥಾಂಪ್ಟನ್ನಿನ ಮೇರಿ ಪಾರ್ಸನ್ಸ್ ಪರವಾಗಿ ಅವಳ ಗಂಡ 1656ರಲ್ಲಿ ಅವಳನ್ನು ಮಾಟಗಾತಿ ಅಂದ ಸಾರಾ ಬ್ರಿಜ್‌ಮನ್ ಮೇಲೆ ಮಾನನಷ್ಟದ ಕೇಸು ಹಾಕಿ ಗೆದ್ದ. ಆದರೂ ಅದೇ ಮಾತು ಮತ್ತೆ ಎದ್ದು ಮೇರಿ ಬಾಸ್ಟನ್ನಿನಲ್ಲಿ ವಿಚಾರಣೆ ಎದುರಿಸಬೇಕಾಯಿತು, 1675ರಲ್ಲಿ ಬಿಡುಗಡೆಯಾದಳು.

ಆನ್ ಬಗ್ಗೆ ಒಂದು ಮಾತು. 1706ರಲ್ಲಿ ಅವಳು ಚರ್ಚಿನಲ್ಲಿ ಎದ್ದು ನಿಂತಳು, ಪಾದ್ರಿ ಅವಳ ಕ್ಷಮಾಪಣೆ ಓದಿದರು. ಸೈತಾನನ ಮೋಸಕ್ಕೆ ಸಿಕ್ಕೆ ಅಂದಳು. ಅದು ನಿನಗೆ ಸಾಲದು ಅನ್ನಿಸಬಹುದು, ನನಗೂ ಸಾಲದು. ಆದರೆ ಅವಳ ಅಪ್ಪ 1699ರಲ್ಲೇ ತೀರಿಕೊಂಡಿದ್ದ, ಅವನಿಂದ ಅಷ್ಟೂ ಬರಲಿಲ್ಲ. ಮೂರನೇ ಅಧ್ಯಾಯವನ್ನು ಅವನಿಂದ ಶುರು ಮಾಡಿ ಮತ್ತೆ ಬರೆದು ಕಳಿಸು, ಓದುತ್ತೇನೆ.

ನಿನ್ನ ದೊಡ್ಡಪ್ಪ