ಕ್ಯಾಂಪಿನ ಕೊನೆಯ ರಾತ್ರಿ ಸಹಿ ಹಾಕಿಸಬೇಡಿ

ಮಾನ್ಯ ಸಂಪಾದಕರೇ,

ಬೇಸಿಗೆ ರಜೆ ಬಂತೆಂದರೆ ಕ್ರೈಸ್ತ ಸಭೆಗಳಲ್ಲಿ ಯುವಜನರ ಕ್ಯಾಂಪು, ಉಜ್ಜೀವನ ಕೂಟಗಳ ಸುಗ್ಗಿ. ಎಷ್ಟೋ ಕಡೆ ಕೊನೆಯ ರಾತ್ರಿಯ ಆರಾಧನೆಯಲ್ಲಿ, "ಪೂರ್ಣಾವಧಿ ಸೇವೆಗೆ ಒಪ್ಪಿಸಿಕೊಡುವವರು ಮುಂದೆ ಬನ್ನಿ" ಎಂಬ ಕರೆ ಬರುತ್ತದೆ. ಅಂದರೆ ಬೇರೆ ಉದ್ಯೋಗ ಬಿಟ್ಟು ಜೀವಮಾನವನ್ನೇ ಸಭೆಯ ಕೆಲಸಕ್ಕೆ ಕೊಡುವುದು. ಕೀಬೋರ್ಡ್ ಮೆಲ್ಲಗೆ ನುಡಿಯುತ್ತಿರುತ್ತದೆ, ಮೂರು ದಿನದಿಂದ ನಿದ್ದೆ ಅರ್ಧಂಬರ್ಧ, ಕಣ್ಣಲ್ಲಿ ನೀರು. ಆಗಷ್ಟೇ ಪಿಯುಸಿ ಮುಗಿಸಿದ ಮಕ್ಕಳು ಮೊಣಕಾಲೂರಿ ಕಾರ್ಡಿಗೆ ಸಹಿ ಹಾಕುತ್ತಾರೆ. ಮುಂದಿನ ಭಾನುವಾರ ಸಭೆಯಲ್ಲಿ ಅವರ ಹೆಸರು ಓದುತ್ತಾರೆ. ಆಮೇಲೆ ಹಿಂದೆ ಸರಿಯುವುದು ಯಾವ ಮಗುವಿಗೂ ಸುಲಭವಲ್ಲ.

ಆ ಮಕ್ಕಳ ಉತ್ಸಾಹ ಸುಳ್ಳಲ್ಲ. ಬೈಬಲಿನಲ್ಲಿ ರೋಮಾಪುರದವರಿಗೆ ಬರೆದ ಪತ್ರಿಕೆಯ 12ನೇ ಅಧ್ಯಾಯದಲ್ಲಿ ಆತ್ಮದ ಆಸಕ್ತಿಗೆ ಅಪೊಸ್ತಲ ಪೌಲನು ಬಳಸಿದ ಗ್ರೀಕ್ ಪದದ ಅರ್ಥವೇ ಕುದಿಯುವುದು. ತಕರಾರು ಇರುವುದು ಅದೇ ರಾತ್ರಿ ಜೀವಮಾನದ ತೀರ್ಮಾನ ಬರೆಸಿಕೊಳ್ಳುವುದರ ಮೇಲೆ. 1505ರ ಜುಲೈ 2ರಂದು ಸಿಡಿಲಿಗೆ ಬೆದರಿ ಸನ್ಯಾಸಿಯಾಗುತ್ತೇನೆಂದು ಹರಕೆ ಹೊತ್ತ ಮಾರ್ಟಿನ್ ಲೂಥರ್, ಮುಂದೆ ಪ್ರಾಟೆಸ್ಟಂಟ್ ಸುಧಾರಣೆಗೆ ನಾಂದಿ ಹಾಡಿದವರು, ಎರಡೇ ವಾರದಲ್ಲಿ ಜರ್ಮನಿಯ ಎರ್ಫರ್ಟಿನ ಮಠ ಸೇರಿದರು. ಅದು ಸಾವಿನ ಭಯ ಹೇಳಿಸಿದ ಮಾತು ಎಂದು ಮುಂದೆ ಅವರೇ ತಂದೆಗೆ ಬರೆದರು.

ಬೈಬಲಿನ ಬಾಲಕ ಸಮುವೇಲನನ್ನು ನೋಡಿ. ದೇವರೇ ಹೆಸರು ಹಿಡಿದು ಕೂಗಿದರೂ ಮೂರು ಸಲವೂ ಅವನು ಓಡಿದ್ದು ಯಾಜಕ ಏಲಿಯ ಹತ್ತಿರ. ಮೂರನೆಯ ಸಲ, ಕರೆಯುತ್ತಿರುವವನು ದೇವರೆಂದು ತಿಳಿದದ್ದು ಕಣ್ಣು ಮಂಜಾಗಿದ್ದ ಆ ಮುದುಕನಿಗೆ. ಅವನು ಜನರನ್ನು ಕರೆದು ಸಾರಲಿಲ್ಲ, ಹೋಗಿ ಮಲಗು, ಮತ್ತೆ ಕರೆದರೆ ಹೀಗೆ ಉತ್ತರ ಕೊಡು ಎಂದ. ಕ್ಯಾಂಪಿನಿಂದ ಮನೆಗೆ ಬಂದ ಮಕ್ಕಳಿಗೆ ಬೇಕಾದದ್ದು ಇಂಥ ಒಬ್ಬ ಹಿರಿಯರು. ಆ ಮಗು ಹೌದೆಂದರೂ ಅಲ್ಲವೆಂದರೂ ತಮಗೆ ಲಾಭನಷ್ಟ ಇಲ್ಲದವರಾಗಿದ್ದರೆ ಒಳ್ಳೆಯದು.

ಇದಕ್ಕೆ ಪಳಗಿದ ಕ್ರಮವೊಂದಿದೆ. 1521ರಲ್ಲಿ ಸ್ಪೇನಿನ ಪಾಂಪ್ಲೋನಾದ ಕಾಳಗದಲ್ಲಿ ಗುಂಡು ತಾಗಿ ಕಾಲು ಮುರಿದು ಮಲಗಿದ್ದ, ಮುಂದೆ ಯೇಸುಸಭೆ (ಜೆಸ್ವಿಟ್) ಕಟ್ಟಿದ ಇಗ್ನೇಷಿಯಸ್ ಲೊಯೋಲಾ ತಮ್ಮ ಹಗಲುಗನಸುಗಳನ್ನೇ ಗಮನಿಸಿದರು. ಶೌರ್ಯ, ಕೀರ್ತಿಯ ಯೋಚನೆ ಆ ಹೊತ್ತಿಗೆ ಹಿತ, ಆಮೇಲೆ ಮನಸ್ಸು ಬರಡು. ಸಂತರ ಹಾಗೆ ಬದುಕುವ ಯೋಚನೆ ಬಿಟ್ಟೆದ್ದ ಮೇಲೂ ಸಮಾಧಾನ ಉಳಿಯುತ್ತಿತ್ತು. ನೋಡಬೇಕಾದದ್ದು ಈ ಉಳಿಯುವ ರುಚಿಯನ್ನು. ಹಾಗಾಗಿ ರಾತ್ರಿ ಹದಿನೈದು ನಿಮಿಷ ಕೂತು, ಮೊದಲು ಕೃತಜ್ಞತೆ ಹೇಳಿ, ಬೆಳಕು ಬೇಡಿ, ದಿನವನ್ನು ಬೆಳಗಿನಿಂದ ತಿರುವಿ ನೋಡಿ, ತಪ್ಪಿಗೆ ಕ್ಷಮೆ ಕೇಳಿ, ನಾಳೆಯನ್ನು ಒಪ್ಪಿಸುವುದು. ಜೊತೆಗೊಂದು ನೋಟ್‌ಬುಕ್ ಇರಲಿ. ಸೇವೆಯ ವಿಚಾರ ಬಂದಾಗ ಏನನ್ನಿಸಿತು, ಮರುದಿನ ಏನು ಉಳಿಯಿತು ಎಂದು ತಾರೀಕು ಹಾಕಿ ಎರಡು ಸಾಲು ಬರೆದರೆ ಸಾಕು. ಆರು ತಿಂಗಳ ಪುಟಗಳನ್ನು ಒಟ್ಟಿಗೆ ಓದಿದಾಗ ಒಂದು ರಾತ್ರಿಯ ಉದ್ವೇಗ ಯಾವುದು, ಉಳಿದು ನಿಂತ ಎಳೆತ ಯಾವುದು ಎಂದು ಬೇರೆಯಾಗಿ ಕಾಣುತ್ತದೆ.

ಆಮೇಲೂ ತೂಗುವ ಕೆಲಸ ಇದೆ. ಇಗ್ನೇಷಿಯಸ್ ಹೇಳಿದ್ದು ನಾಲ್ಕು ಪಟ್ಟಿ: ಸೇವೆಗೆ ಹೋದರೆ ಒಳಿತು, ಕೆಡುಕು, ಹೋಗದಿದ್ದರೆ ಒಳಿತು, ಕೆಡುಕು. ಎರಡೇ ಕಾಲಂ ಬರೆದವರು ಸಾಮಾನ್ಯವಾಗಿ ಮೊದಲೇ ಬಯಸಿದ್ದನ್ನು ಬರೆದುಕೊಳ್ಳುತ್ತಾರೆ. ಗುರುತಿಲ್ಲದ ಒಬ್ಬರು ಇದೇ ಪ್ರಶ್ನೆ ತಂದರೆ ಏನು ಹೇಳುತ್ತೀರೋ ಅದನ್ನು ನಿಮಗೂ ಹೇಳಿಕೊಳ್ಳಿ ಎಂಬುದು ಅವರದೇ ಇನ್ನೊಂದು ಸಲಹೆ. ಮನಸ್ಸು ಒಣಗಿ ಕತ್ತಲಾದಾಗ ಹಿಂದಿನ ನಿರ್ಧಾರ ಬದಲಿಸಬಾರದು ಎಂಬ ನಿಯಮವಂತೂ ಪ್ರತಿ ಕ್ಯಾಂಪಿನಲ್ಲೂ ಹೇಳಿಕೊಡಬೇಕಾದದ್ದು. ಕರ್ಮೆಲ್ ಬೆಟ್ಟದಲ್ಲಿ ಬಾಳನ ಪ್ರವಾದಿಗಳ ಮೇಲೆ ಗೆದ್ದ ಬೆನ್ನಿಗೇ ಸಾವು ಬೇಡಿದ ಪ್ರವಾದಿ ಎಲೀಯನಿಗೆ ದೂತನು ಮೊದಲು ಕೊಟ್ಟದ್ದು ರೊಟ್ಟಿ, ನೀರು. ಅವನು ತಿಂದು ಮತ್ತೆ ಮಲಗಿದ. ದೇವರ ಮೆಲುದನಿ ಕೇಳಿಸಿದ್ದು ಎಷ್ಟೋ ದಿನಗಳ ನಂತರ.

ಹಾದಿ ತಪ್ಪುವ ಕಡೆಗಳೂ ಗೊತ್ತಿರುವವೇ. ಕಣ್ಣು ಮುಚ್ಚಿ ಬೈಬಲ್ ತೆರೆದು ಬೆರಳಿಟ್ಟ ವಾಕ್ಯವನ್ನೇ ಕರೆ ಎನ್ನುವುದು. ಊರಿಗೆ ಬಂದ ಪ್ರಸಂಗಿಯ ಒಂದು ಪ್ರವಾದನೆಗೆ ಕಾಲೇಜು ಬಿಡುವುದು. ಎಲ್ಲಕ್ಕಿಂತ ನೋವಿನದು ತಾಯಿತಂದೆ ಹೊತ್ತ ಹರಕೆ: ಮಗು ಹುಟ್ಟುವ ಮೊದಲೇ ಸೇವೆಗೆ ಕೊಡುತ್ತೇವೆಂದು ಮಾತು ಕೊಟ್ಟು, ಅದನ್ನು ಮಗನ ಕರೆಯೆಂದು ಅವನ ಹೆಗಲಿಗೆ ಹಾಕುವುದು. ಅದು ಅವರ ಪ್ರಾರ್ಥನೆ. ಉತ್ತರ ಕೊಡಬೇಕಾದವನು ಮಗ.

ಬಾರ್ನಬ ಮತ್ತು ಸೌಲರನ್ನು (ಈ ಸೌಲನೇ ಪೌಲ) ಪವಿತ್ರಾತ್ಮನು ಸೇವೆಗೆಂದು ಪ್ರತ್ಯೇಕಿಸಿದಾಗ ಅವರು ಅಂತಿಯೋಕ್ಯದ ಸಭೆಯಲ್ಲಿ ಆಗಲೇ ಬೋಧಿಸುತ್ತಿದ್ದವರು. ನಮ್ಮ ಮಕ್ಕಳಿಗೂ ಒಂದು ವರ್ಷ ವಾರ ತಪ್ಪದೆ ಸಂಡೇ ಸ್ಕೂಲ್ ತರಗತಿ, ತಿಂಗಳಿಗೆರಡು ಸಲ ಕಾಯಿಲೆಯವರ ಭೇಟಿ, ಆರಾಧನೆ ಮುಗಿದ ಮೇಲೆ ಕುರ್ಚಿ ಎತ್ತಿಡುವ ಕೆಲಸ ಕೊಡಿ. ಎಳೆತ ಇದ್ದದ್ದು ಮೈಕಿನ ಕಡೆಗೋ ಜನರ ಕಡೆಗೋ ಎಂಬುದು ಅಲ್ಲಿ ತಿಳಿಯುತ್ತದೆ. ನರ್ಸಿಂಗೋ ಮೇಷ್ಟರ ಕೆಲಸವೋ ತನ್ನ ಕರೆ ಎಂದು ಆ ವರ್ಷದಲ್ಲಿ ಒಬ್ಬಳಿಗೆ ಕಂಡರೆ, ಅವಳಿಗಾಗಿಯೂ ಸಭೆ ಅಷ್ಟೇ ಸಂತೋಷದಿಂದ ಕೈಯಿಟ್ಟು ಪ್ರಾರ್ಥಿಸಲಿ.

ಕ್ಯಾಂಪು ನಡೆಸುವವರಲ್ಲಿ ಕಳಕಳಿಯ ವಿನಂತಿ: ಈ ಬೇಸಿಗೆಯಲ್ಲಿ ಒಪ್ಪಿಗೆ ಕಾರ್ಡು ಹಂಚುವ ಬದಲು ಖಾಲಿ ನೋಟ್‌ಬುಕ್ ಕೊಡಿ. ಒಳಪುಟದಲ್ಲಿ ಆ ಮಗುವಿನ ಜೊತೆ ಮಾತಾಡಲು ಒಪ್ಪಿದ ಹಿರಿಯರ ಹೆಸರು, ಮೊದಲ ಭೇಟಿಯ ತಾರೀಕು ಬರೆದಿರಲಿ.

ಇತಿ,
ಯುವಜನ ಸೇವೆಯಲ್ಲಿರುವ ಸಭಾಪಾಲಕರು, ಹುಬ್ಬಳ್ಳಿ