‘ರನ್’ ಅಂದಾಗಲೆಲ್ಲ ಓಡಬೇಡ ಗೆಳೆಯಾ

ಪ್ರಿಯ ಗೆಳೆಯಾ,

ನೀನು ಕಳಿಸಿದ ಇಂಗ್ಲಿಷ್ ಕಾದಂಬರಿಯ ಅನುವಾದದ ಪುಟಗಳನ್ನು ಓದಿದೆ. ಮಾತುಕತೆಯ ಭಾಗ ತುಂಬ ಚೆನ್ನಾಗಿ ಬಂದಿದೆ, ಅದನ್ನು ಮುಟ್ಟಬೇಡ. ಆದರೆ ಮೂರು ಕಡೆ ಪೆನ್ಸಿಲ್ ಗುರುತು ಹಾಕಿದ್ದೇನೆ. ‘ಶಿ ರ‍್ಯಾನ್ ಎ ಬಾತ್’ ಅಂದದ್ದನ್ನು ‘ಅವಳು ಸ್ನಾನಕ್ಕೆ ಓಡಿದಳು’ ಮಾಡಿದ್ದೀಯ. ‘ದೇ ರ‍್ಯಾನ್ ಔಟ್ ಆಫ್ ಮಿಲ್ಕ್’ ಅನ್ನುವುದು ‘ಹಾಲು ತರಲು ಹೊರಗೆ ಓಡಿದರು’ ಆಗಿದೆ. ‘ಹಿ ಕೇಮ್ ತ್ರೀ ಡೇಸ್ ರನ್ನಿಂಗ್’ ಅನ್ನುವುದು ‘ಮೂರು ದಿನ ಓಡಿಕೊಂಡು ಬಂದ’ ಆಗಿದೆ. ಮೂರರಲ್ಲೂ ಯಾರೂ ಓಡಿಲ್ಲ. ಮೊದಲನೆಯವಳು ಟಬ್ಬಿಗೆ ನೀರು ಬಿಟ್ಟಳು. ಎರಡನೆಯವರ ಮನೆಯಲ್ಲಿ ಹಾಲು ಮುಗಿದಿತ್ತು. ಮೂರನೆಯವನು ಸತತ ಮೂರು ದಿನ ಬಂದ.

ಇದಕ್ಕೆ ಬೇಸರ ಮಾಡಿಕೊಳ್ಳಬೇಡ. ಇಂಗ್ಲಿಷಿನಲ್ಲಿ ಈ ‘ರನ್’ಗಿಂತ ಹೆಚ್ಚು ಕೆಲಸ ಮಾಡುವ ಕ್ರಿಯಾಪದ ಇನ್ನೊಂದಿಲ್ಲ. 1989ರ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನಲ್ಲಿ 430 ಅರ್ಥಗಳೊಂದಿಗೆ ‘ಸೆಟ್’ ಮುಂದಿತ್ತು. ಆಮೇಲಿನ ಪರಿಷ್ಕರಣೆಯಲ್ಲಿ ‘ರನ್’ ಅದನ್ನು ಹಿಂದೆ ಹಾಕಿತು: ಕ್ರಿಯಾಪದವಾಗಿಯೇ 645 ಅರ್ಥಗಳು. ನಿಘಂಟಿನ ಸಂಪಾದಕರಲ್ಲೊಬ್ಬರಾದ ಪೀಟರ್ ಗಿಲಿವರ್ ಈ ಒಂದು ಪದಕ್ಕೇ ಒಂಬತ್ತು ತಿಂಗಳು ಕೊಟ್ಟರು. ಅಷ್ಟನ್ನೂ ಬಾಯಿಪಾಠ ಮಾಡುವುದು ಆಗದ ಮಾತು, ಬೇಕಾಗಿಯೂ ಇಲ್ಲ. ರನ್ ಪಕ್ಕದಲ್ಲಿ ಏನಿದೆ ಎಂದು ನೋಡುವ ಅಭ್ಯಾಸವಾದರೆ ಮುಕ್ಕಾಲು ಪಾಲು ತೊಡಕು ಬಿಡಿಸಿದಂತೆ.

ಮೊದಲು ನೋಡಬೇಕಾದ್ದು, ರನ್ ಆದ ತಕ್ಷಣ ಕರ್ಮಪದ ಇದೆಯೇ ಎಂದು. ಕನ್ನಡದಲ್ಲಿ ತಾನಾಗಿ ಆಗುವುದಕ್ಕೂ ಇನ್ನೊಬ್ಬರು ಆಗಿಸುವುದಕ್ಕೂ ರೂಪವೇ ಬೇರೆ: ಓಡು–ಓಡಿಸು, ಹರಿ–ಹರಿಸು, ನಡೆ–ನಡೆಸು, ಆಡು–ಆಡಿಸು, ಹಾಯು–ಹಾಯಿಸು. ಇಂಗ್ಲಿಷಿನ ರನ್‌ಗೆ ಈ ‘ಇಸು’ ಇಲ್ಲ. ಬಸ್ಸೂ ರನ್ ಆಗುತ್ತದೆ, ಬಸ್ಸಿನ ಮಾಲೀಕನೂ ಬಸ್ಸನ್ನು ರನ್ ಮಾಡುತ್ತಾನೆ. ‘ಶಿ ರ‍್ಯಾನ್ ಟು ದ ಬಾತ್’ ಅಂದಿದ್ದರೆ ನಿನ್ನ ಅನುವಾದ ಸರಿಯಿತ್ತು. ನಡುವೆ ‘ಟು’ ಇಲ್ಲ, ನೇರವಾಗಿ ‘ಎ ಬಾತ್’ ಬಂದಿದೆ, ಅಂದರೆ ಅವಳು ಏನನ್ನೋ ಹರಿಸುತ್ತಿದ್ದಾಳೆ. ಇದೇ ಕಣ್ಣಿನಿಂದ ಮುಂದಿನ ಅಧ್ಯಾಯ ನೋಡು. ‘ರ‍್ಯಾನ್ ಹಿಸ್ ಐ ಓವರ್ ದ ಪೇಜ್’ ಅಂತ ಒಂದು ಬರುತ್ತದೆ. ಕನ್ನಡದಲ್ಲಿ ಪುಟದ ಮೇಲೆ ಕಣ್ಣಾಡಿಸುತ್ತೇವೆ, ಕಣ್ಣು ಹಾಯಿಸುತ್ತೇವೆ. ತಾಯಿ ಮಗುವಿನ ಕೂದಲಲ್ಲಿ ‘ರ‍್ಯಾನ್ ಹರ್ ಫಿಂಗರ್ಸ್’ ಅಂದರೆ ಬೆರಳಾಡಿಸಿದಳು. ನಮ್ಮ ‘ಆಡಿಸು’ ಅಲ್ಲಿ ಎಷ್ಟು ಹಿತವಾಗಿ ಕೂರುತ್ತದೆ ನೋಡು.

ಎರಡನೆಯದು, ಈ ಪದದ ಹುಟ್ಟಿನಲ್ಲೇ ನೀರಿದೆ. ಹಳೆಯ ಇಂಗ್ಲಿಷಿನಲ್ಲಿ ಇದು ‘ರಿನ್ನನ್’. ಅದೇ ಬಳಗದ ಜರ್ಮನ್ ಭಾಷೆಯಲ್ಲಿ ಇವತ್ತಿಗೂ ಎರಡು ಪದಗಳಿವೆ: ‘ರೆನ್ನೆನ್’ ಅಂದರೆ ಓಡು, ‘ರಿನ್ನೆನ್’ ಅಂದರೆ ಹರಿ, ತೊಟ್ಟಿಕ್ಕು. ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ರನ್ ಉಳಿಯಿತು. ಹಾಗಾಗಿ ಕರ್ತೃಪದ ದ್ರವವಾಗಿದ್ದರೆ, ಅಥವಾ ದ್ರವ ಹೊರಬರುವ ಜಾಗವಾಗಿದ್ದರೆ, ‘ಓಡು’ ಅನ್ನು ಬದಿಗಿಟ್ಟು ‘ಹರಿ’ಯ ಮನೆಗೆ ಹೋಗು. ಅಲ್ಲೂ ಕನ್ನಡ ಒಂದೇ ಪದಕ್ಕೆ ನಿಲ್ಲುವುದಿಲ್ಲ. ನದಿ ಹರಿಯುತ್ತದೆ, ಮೂಗು ಸೋರುತ್ತದೆ, ಕಣ್ಣೀರು ಇಳಿಯುತ್ತದೆ, ನಲ್ಲಿಯಲ್ಲಿ ನೀರು ಬರುತ್ತದೆ. ‘ಹಿ ಲೆಫ್ಟ್ ದ ಟ್ಯಾಪ್ ರನ್ನಿಂಗ್’ ಅಂದರೆ ನಲ್ಲಿ ನಿಲ್ಲಿಸದೆ ಹೋದ, ಅಷ್ಟೇ. ಸೀರೆಯ ಚೀಟಿಯಲ್ಲಿ ‘ಕಲರ್ಸ್ ಮೇ ರನ್’ ಎಂದಿದ್ದರೆ ‘ಬಣ್ಣ ಬಿಡಬಹುದು, ಬೇರೆಯಾಗಿ ಒಗೆಯಿರಿ’. ಇದನ್ನು ‘ಬಣ್ಣ ಮಾಸಬಹುದು’ ಅಂದರೆ ತಪ್ಪು. ಮಾಸುವುದು ಫೇಡ್, ಅದರಲ್ಲಿ ಕೆಡುವುದು ಆ ಸೀರೆ ಒಂದೇ. ರನ್ ಆದರೆ ಪಕ್ಕದಲ್ಲಿ ನೆನೆಸಿಟ್ಟ ಬಿಳಿ ಪಂಚೆಯೂ ಕೆಡುತ್ತದೆ.

ರಸ್ತೆ, ಗೋಡೆ, ಬೆಟ್ಟದ ಸಾಲು ಕೂಡ ಇಂಗ್ಲಿಷಿನಲ್ಲಿ ರನ್ ಆಗುತ್ತವೆ. ಕನ್ನಡದಲ್ಲಿ ಹಾದುಹೋಗುತ್ತವೆ, ಸಾಗುತ್ತವೆ, ಹಬ್ಬಿವೆ. ಇಂಗ್ಲಿಷಿನಲ್ಲಿ ಬರೆಯುವಾಗ ಮಾತ್ರ ಒಂದು ಎಚ್ಚರ: ‘ದ ತುಂಗಾ ರನ್ಸ್ ಥ್ರೂ ಶಿವಮೊಗ್ಗ’ ಅನ್ನಬೇಕು, ‘ಈಸ್ ರನ್ನಿಂಗ್’ ಅಲ್ಲ. ನಾವೂ ‘ಹರಿಯುತ್ತದೆ’ ಅನ್ನುತ್ತೇವಲ್ಲ, ಹಾಗೆಯೇ.

ಈಗ ಯಂತ್ರಗಳಿಗೆ ಬರೋಣ. ನೀನು ಕೈಪಿಡಿಗಳ ಅನುವಾದವನ್ನೂ ಒಪ್ಪಿಕೊಂಡಿದ್ದೀಯ, ಅಲ್ಲಿ ತಪ್ಪಿದರೆ ಓದುಗನ ಕೈಯಿಂದ ದುಡ್ಡು ಹೋಗುತ್ತದೆ. ‘ರನ್ ದ ಎಂಜಿನ್ ಫಾರ್ ಫೈವ್ ಮಿನಿಟ್ಸ್’ ಎಂಬುದನ್ನು ‘ಐದು ನಿಮಿಷ ಓಡಿಸಿ’ ಎಂದು ಬರೆದರೆ ಜನ ಗಾಡಿಯನ್ನು ರಸ್ತೆಗೆ ಇಳಿಸುತ್ತಾರೆ. ಅಲ್ಲಿ ಹೇಳಿರುವುದು ಗಾಡಿ ನಿಂತಲ್ಲೇ ಇರಲಿ, ಎಂಜಿನ್ ಐದು ನಿಮಿಷ ಚಾಲೂ ಇರಲಿ ಎಂದು.

‘ಡ್ರೈ’ ಜೊತೆಗೆ ಬಂದಾಗ ಇನ್ನೂ ನಿಧಾನಿಸು, ಅಲ್ಲಿ ಮೂರು ಬೇರೆ ಬೇರೆ ಸಂಗತಿಗಳಿವೆ. ‘ದ ವೆಲ್ ರ‍್ಯಾನ್ ಡ್ರೈ’ ಅಂದರೆ ಬಾವಿ ಬತ್ತಿತು. ‘ಡು ನಾಟ್ ರನ್ ದ ಪಂಪ್ ಡ್ರೈ’ ಅಂದರೆ ನೀರಿಲ್ಲದೆ ಪಂಪು ಓಡಿಸಬೇಡಿ. ಪಂಪಿನೊಳಗೆ ನೀರು ಸೋರದಂತೆ ತಡೆಯುವ ಸೀಲನ್ನು ತಣ್ಣಗಿಡುವುದೂ ಅದು ನುಣ್ಣಗೆ ತಿರುಗುವಂತೆ ಮಾಡುವುದೂ ಹಾದುಹೋಗುವ ನೀರೇ. ನೀರಿಲ್ಲದಿದ್ದರೆ ಸೀಲು ಬಿಸಿಯಾಗಿ ಸುಟ್ಟುಹೋಗುತ್ತದೆ. ಕೊಳವೆಬಾವಿ ಇರುವ ರೈತರಿಗೆ ಈ ಪದ ಹೊಸದಲ್ಲ. ಸ್ಟಾರ್ಟರ್ ಪೆಟ್ಟಿಗೆಯ ‘ಡ್ರೈ ರನ್’ ರಕ್ಷಣೆ ಅಂದರೆ ಇದೇ, ನೀರು ಬರದಿದ್ದಾಗ ಮೋಟಾರನ್ನು ತಾನಾಗಿ ನಿಲ್ಲಿಸುವುದು. ಮೂರನೆಯ ಡ್ರೈ ರನ್ನಿಗೆ ನೀರಿನ ನಂಟೇ ಇಲ್ಲ, ಅದು ತಾಲೀಮು. 2021ರ ಜನವರಿಯಲ್ಲಿ ಕೋವಿಡ್ ಲಸಿಕೆ ಶುರುವಾಗುವ ಮುಂಚೆ ದೇಶದಾದ್ಯಂತ ಡ್ರೈ ರನ್ ನಡೆಯಿತಲ್ಲ, ನೋಂದಣಿಯಿಂದ ಹಿಡಿದು ಅರ್ಧ ಗಂಟೆ ಕೂರಿಸುವವರೆಗೆ ಎಲ್ಲವನ್ನೂ ಲಸಿಕೆಯಿಲ್ಲದೆ ಮಾಡಿ ನೋಡಿದ್ದು, ಅದು. ಪಂಪಿನ ಕೈಪಿಡಿಯಲ್ಲಿ ‘ತಾಲೀಮು ರಕ್ಷಣೆ’ ಎಂದು ಅಚ್ಚಾಗಬಾರದು.

ಮೂರನೆಯದು, ರನ್ ಬೆನ್ನಿಗೆ ಬರುವ ಪುಟ್ಟ ಪದ. ಎಲ್ಲವನ್ನೂ ಬರೆಯುವುದಿಲ್ಲ, ಒಂದು ಬ್ಯಾಂಕನ್ನಷ್ಟೇ ತೆಗೆದುಕೋ. ‘ರನ್ ಟು ದ ಬ್ಯಾಂಕ್’ ಅಂದರೆ ಬ್ಯಾಂಕಿಗೆ ಓಡು. ‘ರನ್ ದ ಬ್ಯಾಂಕ್’ ಅಂದರೆ ಬ್ಯಾಂಕು ನಡೆಸು. ‘ಎ ರನ್ ಆನ್ ದ ಬ್ಯಾಂಕ್’ ಅಂದರೆ ಠೇವಣಿ ಇಟ್ಟವರೆಲ್ಲ ಒಟ್ಟಿಗೆ ಹಣ ವಾಪಸು ಪಡೆಯಲು ಮುಗಿಬೀಳುವುದು. 2007ರ ಸೆಪ್ಟೆಂಬರಿನಲ್ಲಿ ಬ್ರಿಟನ್ನಿನ ನಾರ್ದರ್ನ್ ರಾಕ್ ಬ್ಯಾಂಕಿನ ಶಾಖೆಗಳ ಮುಂದೆ ಜನ ಸಾಲುಗಟ್ಟಿ ನಿಂತದ್ದು ರನ್. 2023ರ ಮಾರ್ಚಿನಲ್ಲಿ ಅಮೆರಿಕದ ಸಿಲಿಕಾನ್ ವ್ಯಾಲಿ ಬ್ಯಾಂಕಿನಿಂದ ಒಂದೇ ದಿನ 4,200 ಕೋಟಿ ಡಾಲರ್ ಹೊರಹೋಯಿತು, ಅದೂ ರನ್, ಅಲ್ಲಿ ಬಹುಪಾಲು ಜನ ಕೂತಲ್ಲಿಂದಲೇ ಹಣ ತೆಗೆದಿದ್ದರು. ಆದ್ದರಿಂದ ‘ಬ್ಯಾಂಕ್ ಓಟ’ ಎಂಬ ಅನುವಾದ ನನಗೆ ಒಗ್ಗುವುದಿಲ್ಲ. ‘ಠೇವಣಿದಾರರು ಮುಗಿಬಿದ್ದರು’ ಅಂದರೆ ಆತಂಕವೂ ಬರುತ್ತದೆ, ಗುಂಪೂ ಕಾಣುತ್ತದೆ.

‘ಔಟ್ ಆಫ್’ ಬಂದಾಗ ವಾಕ್ಯವನ್ನೇ ತಿರುಗಿಸಬೇಕು, ಇದು ನಿನ್ನ ಹಾಲಿನ ವಾಕ್ಯ. ಇಂಗ್ಲಿಷಿನಲ್ಲಿ ಕರ್ತೃ ಮನುಷ್ಯ, ಕನ್ನಡದಲ್ಲಿ ವಸ್ತು. ‘ವಿ ರ‍್ಯಾನ್ ಔಟ್ ಆಫ್ ಸಾಲ್ಟ್’ ಎಂದರೆ ಉಪ್ಪು ಮುಗಿದಿದೆ, ಮನೆಯಲ್ಲಿ ಉಪ್ಪಿಲ್ಲ. ‘ನಾವು’ ಎಂದು ಶುರು ಮಾಡಿದರೆ ಮುಂದೆ ಎಲ್ಲೂ ದಾರಿ ಸಿಗುವುದಿಲ್ಲ, ಹಿಡಿದು ಜಗ್ಗಬೇಡ. ತಾಳ್ಮೆ, ಸಮಯ, ಪೆಟ್ರೋಲು ಎಲ್ಲಕ್ಕೂ ಹೀಗೆಯೇ. ತಾಳ್ಮೆಗೆ ‘ಕೆಟ್ಟಿತು’, ‘ಮೀರಿತು’ ಇವೆ. ಸಮಯಕ್ಕೆ ‘ಹೊತ್ತು ಮೀರಿತು’ ಇದೆ.

ಇದೇ ‘ರನ್ ಔಟ್’ ಕ್ರಿಕೆಟ್ಟಿಗೆ ಹೋದರೆ ಬೇರೆಯೇ ಆಟ. ಅಲ್ಲಿ ‘ಆಫ್’ ಇರುವುದಿಲ್ಲ, ‘ವಾಸ್’ ಇರುತ್ತದೆ: ‘ಹಿ ವಾಸ್ ರನ್ ಔಟ್’. ಆಟದ ನಿಯಮಾವಳಿಯಲ್ಲಿ ಅದು 38ನೆಯ ನಿಯಮ. 1947ರಲ್ಲಿ ಸಿಡ್ನಿಯಲ್ಲಿ ಬೌಲರ್ ವಿನೂ ಮಂಕಡ್ ಅವರು ಚೆಂಡು ಎಸೆಯುವ ಮೊದಲೇ ಗೆರೆ ಬಿಟ್ಟ ಬಿಲ್ ಬ್ರೌನ್ ಅವರನ್ನು ಬೌಲಿಂಗ್ ತುದಿಯಲ್ಲಿ ಔಟ್ ಮಾಡಿದಾಗಿನಿಂದ ಚರ್ಚೆಯಲ್ಲಿರುವ ಆ ಬಗೆಯ ಔಟನ್ನೂ 2022ರ ಅಕ್ಟೋಬರ್‌ನಿಂದ ‘ಅನುಚಿತ ಆಟ’ದ ನಿಯಮದಿಂದ ತೆಗೆದು ಇದೇ ರನ್ ಔಟಿನ ನಿಯಮಕ್ಕೆ ಸೇರಿಸಿದ್ದಾರೆ. ವರದಿ ಅನುವಾದಿಸುವಾಗ ‘ರ‍್ಯಾನ್ ಔಟ್ ಆಫ್ ಓವರ್ಸ್’ ಕಂಡರೆ ಅದು ಔಟಲ್ಲ, ಓವರುಗಳು ಮುಗಿದವು. ಇನ್ನು ‘ರನ್’ ಎಂಬ ನಾಮಪದವನ್ನು ಕನ್ನಡಕ್ಕೆ ತರುವ ಶ್ರಮ ಬೇಡ. ಚೆಂಡು ಬೌಂಡರಿ ದಾಟಿದರೆ ಯಾರೂ ಓಡದೆಯೇ ನಾಲ್ಕು ರನ್ ಬರುತ್ತದೆ, ‘ನಾಲ್ಕು ಓಟ’ ಅಂದರೆ ಅರ್ಥವೇ ಕೂಡುವುದಿಲ್ಲ. ಜನ ರನ್ ಅನ್ನುತ್ತಾರೆ, ನೀನೂ ಹಾಗೆಯೇ ಬರೆ.

ಚುನಾವಣೆಯ ಸಂಗತಿ ನನಗೆ ತುಂಬ ಇಷ್ಟ. ಅಮೆರಿಕದವರು ಚುನಾವಣೆಗೆ ‘ರನ್’ ಆಗುತ್ತಾರೆ, ಬ್ರಿಟನ್ನಿನವರು ‘ಸ್ಟ್ಯಾಂಡ್’ ಆಗುತ್ತಾರೆ, ನಾವೂ ನಿಲ್ಲುತ್ತೇವೆ. ಅಮೆರಿಕದ ಸುದ್ದಿಯನ್ನು ಕನ್ನಡಕ್ಕೆ ತರುವಾಗ ‘ಚುನಾವಣೆಗೆ ನಿಂತರು’, ‘ಕಣಕ್ಕಿಳಿದರು’ ಎರಡೂ ಸರಿ. ‘ರನ್ನಿಂಗ್ ಮೇಟ್’ ಅನ್ನುವುದು ಕುದುರೆ ಪಂದ್ಯದಿಂದ ಬಂದ ಮಾತು, ಒಂದೇ ಲಾಯದ ಮುಖ್ಯ ಕುದುರೆಗೆ ವೇಗ ಕೊಡಲು ಜೊತೆಗೆ ಬಿಡುತ್ತಿದ್ದ ಕುದುರೆ. 2024ರಲ್ಲಿ ಕಮಲಾ ಹ್ಯಾರಿಸ್ ಅವರ ರನ್ನಿಂಗ್ ಮೇಟ್ ಟಿಮ್ ವಾಲ್ಜ್ ಎಂದಿದ್ದರೆ ‘ಉಪಾಧ್ಯಕ್ಷ ಹುದ್ದೆಯ ಅಭ್ಯರ್ಥಿ’ ಎಂದು ಬರೆದರೆ ಸಾಕು. ‘ಸಹ ಓಟಗಾರ’ ಖಂಡಿತ ಬೇಡ.

ಇಷ್ಟೆಲ್ಲ ಹೇಳಿದೆ ಅಂತ ‘ಓಡು’ ಪದವನ್ನೇ ಹೊರಗಟ್ಟಬೇಡ. ನಮ್ಮ ಓಡು ಕೂಡ ದೂರ ಹೋಗಿರುವ ಪದ. ಸಿನಿಮಾ ನೂರು ದಿನ ಓಡುತ್ತದೆ, ಇಂಗ್ಲಿಷಿನಲ್ಲೂ ರನ್. ಗಡಿಯಾರ ಐದು ನಿಮಿಷ ಮುಂದೆ ಓಡುತ್ತದೆ, ಅಲ್ಲೂ ರನ್. ಮಗಳು ಪ್ರಿಯಕರನ ಜೊತೆ ಓಡಿಹೋದಳು, ಅಲ್ಲೂ ರನ್. ಇಂಥ ಕಡೆ ನೇರವಾಗಿ ಓಡು ಹಾಕು, ಸುತ್ತು ಬಳಸಬೇಡ. ಆದರೆ ನಾವು ‘ತಲೆ ಓಡ್ತಿಲ್ಲ’ ಅನ್ನುವುದನ್ನು ಇಂಗ್ಲಿಷಿಗೆ ಒಯ್ಯುವಾಗ ರನ್ ಆಗುವುದಿಲ್ಲ, ಅಲ್ಲಿ ‘ಐ ಕಾಂಟ್ ಥಿಂಕ್ ಸ್ಟ್ರೇಟ್’.

ನಾವೇ ಹುಟ್ಟಿಸಿಕೊಂಡ ರನ್ನುಗಳೂ ಇವೆ. ಮಗುವಿಗೆ ಐದು ತುಂಬಿ ಆರು ನಡೆಯುತ್ತಿದೆ ಎಂಬುದು ಶಾಲೆಯ ಅರ್ಜಿಯಲ್ಲಿ ‘ಸಿಕ್ಸ್ ರನ್ನಿಂಗ್’ ಆಗುತ್ತದೆ. ಕನ್ನಡದ ‘ನಡೆಯುತ್ತಿದೆ’ ಇಂಗ್ಲಿಷಿನ ಅಂಗಿ ತೊಟ್ಟಿದೆ. ನಮ್ಮೊಳಗೆ ಎಲ್ಲರಿಗೂ ತಿಳಿಯುತ್ತದೆ, ಲಂಡನ್ನಿನ ಓದುಗನಿಗೆ ತಿಳಿಯುವುದಿಲ್ಲ; ಅಲ್ಲಿಗೆ ‘ಫೈವ್, ಗೋಯಿಂಗ್ ಆನ್ ಸಿಕ್ಸ್’ ಎಂದು ಬರೆಯಬೇಕು. ‘ರನ್ನಿಂಗ್ ನೋಸ್’ ಕೂಡ ಹಾಗೆಯೇ, ಅವರು ‘ರನ್ನಿ ನೋಸ್’ ಅನ್ನುತ್ತಾರೆ. ನಿನ್ನ ಕಾದಂಬರಿಯಲ್ಲಿ ಮೈಸೂರಿನ ಪಾತ್ರವೊಂದು ‘ಸಿಕ್ಸ್ ರನ್ನಿಂಗ್’ ಎಂದಿದ್ದರೆ ಮಾತ್ರ ತಿದ್ದಬೇಡ. ಅದು ತಪ್ಪು ಇಂಗ್ಲಿಷ್ ಎಂದು ನಾನು ಒಪ್ಪುವುದಿಲ್ಲ, ಅದು ಆ ಪಾತ್ರದ ಊರು. ಕನ್ನಡದಲ್ಲಿ ‘ಆರು ನಡೀತಿದೆ’ ಎಂದು ಅದರ ತವರಿಗೆ ವಾಪಸು ಕಳಿಸು.

ಇಂಗ್ಲಿಷ್ ಬರೆಯುವಾಗ ಕಾಡುವ ಒಂದು ಸಣ್ಣ ತಪ್ಪು ಹೇಳಿ ಮುಗಿಸುತ್ತೇನೆ: ರನ್, ರ‍್ಯಾನ್, ರನ್. ಮೂರನೆಯ ರೂಪ ಮತ್ತೆ ರನ್ನೇ. ‘ಹ್ಯಾವ್’, ‘ಹ್ಯಾಡ್’ ಆದ ಮೇಲೆ ರ‍್ಯಾನ್ ಬರುವುದಿಲ್ಲ, ‘ದ ಮಿಲ್ಕ್ ಹ್ಯಾಡ್ ರನ್ ಔಟ್’ ಎಂದೇ ಆಗಬೇಕು. ನೀನು ಪ್ರಕಾಶಕರಿಗೆ ಬರೆದ ಇಂಗ್ಲಿಷ್ ಪತ್ರದಲ್ಲಿ ಎರಡು ಕಡೆ ಇದಿದೆ, ಕಳಿಸುವ ಮುಂಚೆ ತಿದ್ದಿಕೋ.

ನಾಲ್ಕನೆಯ ಅಧ್ಯಾಯದಲ್ಲಿ ‘ಸ್ಟಿಲ್ ವಾಟರ್ಸ್ ರನ್ ಡೀಪ್’ ಬರುತ್ತದೆ, ಅಲ್ಲಿ ನೀನು ‘ತುಂಬಿದ ಕೊಡ ತುಳುಕುವುದಿಲ್ಲ’ ಹಾಕುವ ಯೋಚನೆಯಲ್ಲಿದ್ದೀಯ ಅಂತ ಬರೆದಿದ್ದೆ. ನನಗೆ ಅನುಮಾನ. ನಮ್ಮ ಗಾದೆ ತಿಳಿದವನ ವಿನಯವನ್ನು ಹೇಳುತ್ತದೆ. ಆ ಮಾತನ್ನು ಕಾದಂಬರಿಯಲ್ಲಿ ಅತ್ತೆ ಹೇಳುವುದು ಬಾಯಿಬಿಡದ ಸೊಸೆಯ ಬಗ್ಗೆ, ಅವಳೊಳಗೆ ಏನೋ ಇದೆ ಎಂಬ ಗುಮಾನಿಯಲ್ಲಿ. ‘ಅವಳ ಆಳ ಯಾರಿಗೆ ಗೊತ್ತು’ ಅನ್ನುವ ಧಾಟಿಯಲ್ಲಿ ಒಂದೆರಡು ಬಗೆ ಬರೆದು ಕಳಿಸು, ಕೂತು ನೋಡೋಣ.

ಇಂತಿ ನಿನ್ನ
ಗೆಳೆಯ