ಕಂಡ ಬೇಟೆಗೆ ಹಾರದ ನಾಯಿ

ಅಬಿಲೀನ್, ಟೆಕ್ಸಸ್
ಡಿಸೆಂಬರ್ 14

ತೀರ್ಥರೂಪ ಸಮಾನರಾದ ಕಾಕಾ ಅವರಿಗೆ ಸಾಷ್ಟಾಂಗ ನಮಸ್ಕಾರಗಳು.

ನಾನು ಇಲ್ಲಿ ಕ್ಷೇಮ. ಅಪ್ಪ, ಅವ್ವ, ಕಾಕು ಎಲ್ಲರೂ ಆರಾಮವಾಗಿದ್ದಾರೆಂದು ನಂಬಿದ್ದೇನೆ. ಕಬ್ಬು ಕಟಾವಿನ ಗದ್ದಲದಲ್ಲಿ ಮೊನ್ನೆ ಫೋನಿನ ಮಾತು ಅರ್ಧಕ್ಕೇ ನಿಂತಿತು. "ಬೇಟೆ ಎದುರಿಗಿರುವಾಗ ನಿಂತುಬಿಡುವ ನಾಯಿ ಅದೆಂಥ ನಾಯಿ?" ಎಂದು ನೀವು ಕೇಳಿದ ಪ್ರಶ್ನೆ ಹಾಗೆಯೇ ಉಳಿಯಿತು. ಮುಧೋಳ ನಾಯಿಗಳನ್ನು ಮಕ್ಕಳ ಹಾಗೆ ಸಾಕಿದವರಿಗೆ ಅನುಮಾನ ಬರಲೇಬೇಕು. ಅದಕ್ಕೇ ಬಿಡುವು ಮಾಡಿಕೊಂಡು ಬರೆಯುತ್ತಿದ್ದೇನೆ.

ನಾನು ಬಾಡಿಗೆಗಿರುವ ಮನೆಯ ಯಜಮಾನರ ಬಳಿ ಎರಡು ಇಂಗ್ಲಿಷ್ ಪಾಯಿಂಟರ್ ನಾಯಿಗಳಿವೆ. ಬಿಳಿ ಮೈ, ಅಲ್ಲಲ್ಲಿ ಕಂದು ಮಚ್ಚೆ, ಜೋಲುಗಿವಿ, ಅಗಲವಾದ ಮೂಗು. ಎತ್ತರದಲ್ಲಿ ನಮ್ಮ ಮುಧೋಳ ನಾಯಿ ಬಾದಲನಿಗಿಂತ ಕಡಿಮೆ, ಎದೆ ಮಾತ್ರ ಗಟ್ಟಿ. ನವೆಂಬರ್ ಆಸುಪಾಸಿನಿಂದ ಫೆಬ್ರವರಿ ಕೊನೆಯವರೆಗೆ ಇಲ್ಲಿ ಲಾವಕ್ಕಿ ಬೇಟೆಗೆ ಸರ್ಕಾರದ ಅನುಮತಿಯಿದೆ. ರಜೆಯ ದಿನಗಳಲ್ಲಿ ಅವರು ನನ್ನನ್ನೂ ಕರೆದೊಯ್ಯುತ್ತಾರೆ. ಅವ್ವ ಗಾಬರಿಯಾಗುವುದು ಬೇಡ, ನಾನು ಬಂದೂಕು ಮುಟ್ಟಿಲ್ಲ. ನಾಯಿಗಳಿಗೆ ಕುಡಿಯುವ ನೀರು ಹೊತ್ತು ಹಿಂದೆ ನಡೆಯುವುದಷ್ಟೇ ನನ್ನ ಕೆಲಸ. ಬೇಟೆಗಾರರು ಎದ್ದು ಕಾಣುವ ಕಿತ್ತಳೆ ಬಣ್ಣದ ಅಂಗಿ ತೊಡುತ್ತಾರೆ, ನನಗೂ ಒಂದನ್ನು ಕೊಟ್ಟಿದ್ದಾರೆ.

ಇಲ್ಲಿನ ಬಯಲು ನೋಡಿದರೆ ನಿಮಗೆ ಹೊಸದೆನಿಸುವುದಿಲ್ಲ. ಕೆಂಪು ನೆಲ, ಪಾಪಾಸುಕಳ್ಳಿ, ನಡುನಡುವೆ ಮೆಸ್ಕೀಟ್ ಎಂಬ ಮುಳ್ಳುಗಿಡ. ಅದು ನಮ್ಮ ಬಳ್ಳಾರಿ ಜಾಲಿಯ ಹತ್ತಿರದ ಸಂಬಂಧಿ. ಮುಳ್ಳು, ಎಲೆ, ಕಾಯಿ ಎಲ್ಲವೂ ಹೆಚ್ಚುಕಡಿಮೆ ಅವೇ. ಬಾಬ್‌ವೈಟ್ ಎಂಬ ಇಲ್ಲಿನ ಲಾವಕ್ಕಿ ನಮ್ಮದಕ್ಕಿಂತ ದಪ್ಪ. ಗಂಡಿಗೆ ಗಂಟಲೂ ಹುಬ್ಬೂ ಬಿಳಿ, ಹೆಣ್ಣಿಗೆ ಅವೇ ಜಾಗದಲ್ಲಿ ಮಾಸಲು ಹಳದಿ. ಚಳಿಗಾಲದಲ್ಲಿ ಹತ್ತು ಹದಿನೈದು ಹಕ್ಕಿಗಳು ಒಂದು ಗುಂಪಾಗಿ ಬಾಳುತ್ತವೆ. ರಾತ್ರಿ ಎಲ್ಲವೂ ಬಾಲ ಒಳಗೆ, ತಲೆ ಹೊರಗೆ ಮಾಡಿ ರೊಟ್ಟಿ ಹಂಚಿನಷ್ಟು ಜಾಗದಲ್ಲಿ ದುಂಡಗೆ ಒತ್ತಿಕೊಂಡು ಮಲಗುತ್ತವೆ. ಮೈಗೆ ಮೈ ತಾಗಿ ಬೆಚ್ಚಗಾಗುತ್ತದೆ. ಶತ್ರು ಬಂದರೆ ಒಂದಕ್ಕೊಂದು ಡಿಕ್ಕಿಯಾಗದೆ ಎಲ್ಲ ದಿಕ್ಕಿಗೂ ಹಾರಬಹುದು.

ಇನ್ನು ನಾಯಿಯ ವಿಷಯ. ನಮ್ಮ ನಾಯಿ ಬೇಟೆಯನ್ನು ಕಣ್ಣಿನಿಂದ ಹಿಡಿಯುತ್ತದೆ. ಮೊಲ ಎದ್ದಿತೆಂದರೆ ಮುಂದಿನದೆಲ್ಲ ಓಟ. ಪಾಯಿಂಟರ್ ಹಕ್ಕಿಯನ್ನು ನೋಡುವುದೇ ಇಲ್ಲ. ಗಾಳಿಗೆ ಮುಖಮಾಡಿ, ತಲೆಯೆತ್ತಿ, ಎಡಕ್ಕೂ ಬಲಕ್ಕೂ ಅಡ್ಡಡ್ಡ ಓಡುತ್ತ ಹುಲ್ಲನ್ನೆಲ್ಲ ಮೂಸುತ್ತದೆ. ಬೆಳಗಿನ ಇಬ್ಬನಿ ಆರುವ ಮುನ್ನ ವಾಸನೆ ಚೆನ್ನಾಗಿ ಸಿಗುತ್ತದೆ, ಬಿಸಿಲೇರಿ ನೆಲ ಒಣಗಿದರೆ ಅದರ ಕೆಲಸ ಕಷ್ಟ. ಅಷ್ಟು ವೇಗವಾಗಿ ಓಡುತ್ತಿದ್ದ ಪ್ರಾಣಿ ವಾಸನೆ ತಾಗಿದ ಆ ಕ್ಷಣವೇ ಇದ್ದಲ್ಲೇ ನಿಲ್ಲುತ್ತದೆ. ಬಾಲ ನೆಟ್ಟಗೆ, ಮೂಗು ಹಕ್ಕಿಯ ಕಡೆಗೆ, ಕೆಲವೊಮ್ಮೆ ಮುಂಗಾಲೊಂದು ಮೇಲೆತ್ತಿದ್ದು ಹಾಗೆಯೇ. ತೊಡೆಯ ಸ್ನಾಯು ಮಾತ್ರ ನಡುಗುತ್ತಿರುತ್ತದೆ.

ಇದು ಅಂಜಿಕೆಯಲ್ಲ ಕಾಕಾ. ಲಾವಕ್ಕಿ ತನ್ನ ಬಣ್ಣವನ್ನು ನಂಬಿ ಹುಲ್ಲಿನಲ್ಲಿ ಅಲುಗಾಡದೆ ಕೂರುತ್ತದೆ. ನಾಯಿ ಇನ್ನು ನಾಲ್ಕು ಹೆಜ್ಜೆ ನುಗ್ಗಿದರೆ ಗುಂಪು ಹಾರಿಹೋಗುತ್ತದೆ, ಆಗ ಯಜಮಾನ ಇನ್ನೂ ಇನ್ನೂರು ಗಜ ಹಿಂದಿರುತ್ತಾನೆ. ಆತ ನಡೆದು ಬರುವವರೆಗೆ ಹಕ್ಕಿಯನ್ನು ಕೆದಕದೆ, ಅದರ ಜಾಗವನ್ನೂ ಬಿಟ್ಟುಕೊಡದೆ ಕಾಯಬೇಕು. ಬೇಟೆಯ ಮೇಲೆ ಎಗರುವ ಮುನ್ನ ಬೇಟೆಯಾಡುವ ಯಾವ ಪ್ರಾಣಿಯೂ ಒಂದು ಗಳಿಗೆ ತಡೆಯುತ್ತದೆಯಲ್ಲ, ಆ ತಡೆಯನ್ನೇ ತಲೆತಲಾಂತರದಿಂದ ಆರಿಸಿ ಆರಿಸಿ ಈ ತಳಿಯಲ್ಲಿ ಬೆಳೆಸಿದ್ದಾರೆ. ಎರಡು ಮೂರು ತಿಂಗಳ ಮರಿಯ ಮುಂದೆ ಕೋಲಿಗೆ ಹಕ್ಕಿಯ ರೆಕ್ಕೆ ಕಟ್ಟಿ ಆಡಿಸಿದರೆ ಅದೂ ನಿಲ್ಲುತ್ತದೆ. ಆದರೆ ಹಕ್ಕಿ ಹಾರಿದಾಗಲೂ ಗುಂಡಿನ ಸದ್ದಾದಾಗಲೂ ಕದಲದಂತೆ ಮಾಡಲು ದೀರ್ಘ ತಾಲೀಮು ಬೇಕು.

ನನ್ನನ್ನು ಮನಸೋಲಿಸಿದ್ದು ಎರಡನೆಯ ನಾಯಿ. ಅದು ಇನ್ನೂ ಎಳೆಯದು. ಹಿರಿಯದು ನಿಂತಿದ್ದನ್ನು ಅದು ದೂರದಿಂದ ಕಂಡಿತು. ಅದರ ಮೂಗಿಗೆ ವಾಸನೆಯೇ ಬಂದಿರಲಿಲ್ಲ, ಆದರೂ ಹಿರಿಯದನ್ನು ನಂಬಿ ತಾನೂ ಅಲ್ಲೇ ಕಲ್ಲಾಯಿತು. ಮುಂದೆ ಹೋಗಿ ಪಾಲು ಕೇಳಲಿಲ್ಲ. ಇದನ್ನು ನೀವು ಕಣ್ಣಾರೆ ನೋಡಬೇಕಿತ್ತು.

ಆಮೇಲೆ ಯಜಮಾನರು ನಾಯಿಯನ್ನು ದಾಟಿ ಹುಲ್ಲಿಗೆ ಕಾಲಿಟ್ಟರು. ಇಡೀ ಗುಂಪು ಬುರ್ರೆಂದು ಒಮ್ಮೆಲೇ ಎದ್ದಿತು. ಎದೆ ಝಲ್ಲೆನ್ನುವ ಸದ್ದು ಅದು. ಗುಂಪಿಗೆ ಗುರಿಯಿಟ್ಟರೆ ಒಂದೂ ಸಿಗುವುದಿಲ್ಲ, ಒಂದೇ ಹಕ್ಕಿಯನ್ನು ಆರಿಸಬೇಕು. ತಗ್ಗಿನಲ್ಲಿ ಹಾರುವುದಕ್ಕೆ ಹೊಡೆಯಬಾರದು, ನಾಯಿಗೆ ತಾಗಬಹುದು. ಬಿದ್ದ ಹಕ್ಕಿಯನ್ನು ನಾಯಿ ಗರಿಯೂ ಮುಕ್ಕಾಗದಂತೆ ಕಚ್ಚಿ ತಂದು ಕೈಗಿಟ್ಟಿತು. ದಿನಕ್ಕೆ ಹದಿನೈದು ಹಕ್ಕಿಗೆ ಟೆಕ್ಸಸ್ಸಿನ ಕಾನೂನು ಅವಕಾಶ ಕೊಡುತ್ತದೆ. ಇವರು ಎರಡೋ ಮೂರೋ ಆದರೆ ಬಂದೂಕು ಮಡಚುತ್ತಾರೆ, ಸಣ್ಣ ಗುಂಪನ್ನು ಮುಟ್ಟುವುದೇ ಇಲ್ಲ. ಸಂಜೆಯಾಗುವ ಮೊದಲೇ ಹಿಂತಿರುಗುವುದು ಅವರ ಕಟ್ಟುನಿಟ್ಟು. ಚದುರಿದ ಹಕ್ಕಿಗಳು ಒಂದನ್ನೊಂದು ಕೂಗಿ ಕರೆದುಕೊಂಡು ಕತ್ತಲಾಗುವುದರೊಳಗೆ ಕೂಡಬೇಕಲ್ಲ. ಇವರ ಮೇಲೆ ನನಗೆ ಗೌರವ ಹುಟ್ಟಿದ್ದು ಇದರಿಂದ.

ಹಾಗಿದ್ದೂ ಅಮೆರಿಕದ ಬಹುಭಾಗದಲ್ಲಿ ಈ ಹಕ್ಕಿ 1960ರ ದಶಕದಿಂದೀಚೆಗೆ ಒಂದೇ ಸಮನೆ ಕಡಿಮೆಯಾಗಿದೆ. ಮುಖ್ಯ ಕಾರಣ ಬಂದೂಕಲ್ಲ, ಹುಲ್ಲು ಹೋದದ್ದು. ಗೂಡಿಗೆ ಹಳೆಯ ಹುಲ್ಲಿನ ದಟ್ಟ ಬುಡ ಬೇಕು, ಮರಿಗಳು ಓಡಾಡಲು ಬುಡಗಳ ನಡುವೆ ಬರಿ ನೆಲ ಬೇಕು, ಹದ್ದಿನಿಂದ ಅಡಗಲು ಪೊದೆ ಬೇಕು. ಮೊದಲ ವಾರಗಳಲ್ಲಿ ಮರಿ ಹೆಚ್ಚಾಗಿ ತಿನ್ನುವುದು ಹುಳುವನ್ನೇ. ಬೇಲಿಯಂಚಿನವರೆಗೂ ಉತ್ತು, ಔಷಧಿ ಹೊಡೆದು, ದನಗಳಿಗೆಂದು ಒಂದೇ ಜಾತಿಯ ಹುಲ್ಲು ಹಾಸಿದ ಕಡೆ ಇವೆಲ್ಲ ಹೋದವು. ಒಳ್ಳೆಯ ಮಳೆಯಾದ ವರ್ಷ, ಹುಲ್ಲು ಉಳಿದ ಕಡೆ ಮಾತ್ರ ಹಕ್ಕಿ ಮತ್ತೆ ತುಂಬುತ್ತದೆ.

ಇದನ್ನು ಕೇಳಿದಾಗಿನಿಂದ ನಮ್ಮ ಹಳ್ಳದ ಮೇಲಿನ ಎರೆಹೊಲದ ಬದುವೇ ಕಣ್ಣಿಗೆ ಬರುತ್ತಿದೆ. ಮುಂಗಾರಿನಲ್ಲಿ ಲಾವಕ್ಕಿ ಮೊಟ್ಟೆಯಿಡುವುದು ಅಲ್ಲಿಯೇ. ಅಜ್ಜನ ಕಾಲದ ಬೇಟೆ ವನ್ಯಜೀವಿ ಕಾಯ್ದೆಯಿಂದಾಗಿ ಮುಗಿಯಿತು, ಅದು ಮುಗಿದದ್ದೇ ಒಳ್ಳೆಯದು. ಆದರೆ ಬದುವಿಗೆ ಬೆಂಕಿ ಹಚ್ಚಿ, ಕಳೆನಾಶಕ ಹೊಡೆದರೆ ಕಾಯ್ದೆಯೊಂದರಿಂದಲೇ ಹಕ್ಕಿ ಉಳಿಯುವುದಿಲ್ಲ. ಕಬ್ಬು ಕಡಿದ ಮೇಲೆ ಉಳಿದ ಒಣ ಎಲೆಗೆ, ರವದಿಗೆ, ಬೆಂಕಿ ಕೊಡುವವರಿಗೆ ಈ ವರ್ಷ ಬೇಡವೆನ್ನಿ. ಬದುವಿನ ಹುಲ್ಲನ್ನು ದನಕ್ಕೆ ಕೊಯ್ದುಕೊಂಡರೂ ಒಂದು ಬದಿಯನ್ನು ಹಾಗೆಯೇ ಬಿಡಿ. ಹುಲ್ಲು ಬಿಟ್ಟರೆ ಇಲಿ ಸೇರುತ್ತವೆಂದು ಅಪ್ಪ ಬೇಡವೆನ್ನಬಹುದು, ನೀವೇ ಒಪ್ಪಿಸಬೇಕು.

ಇನ್ನೊಂದು ವಿಷಯ. 2005ರಲ್ಲಿ ನಮ್ಮ ಅಂಚೆ ಇಲಾಖೆ ಮುಧೋಳ ನಾಯಿಯ ಅಂಚೆಚೀಟಿ ತಂದಿತ್ತಲ್ಲ, ಅದರ ಚಿತ್ರವನ್ನು ಯಜಮಾನರಿಗೆ ತೋರಿಸಿದೆ. ಆ ಸಣ್ಣ ಸೊಂಟವನ್ನೂ ಉದ್ದ ಮೂತಿಯನ್ನೂ ಬಹಳ ಹೊತ್ತು ನೋಡಿದರು. ಓಟ ನೋಡಬೇಕೆಂದು ಹಟ ಹಿಡಿದಿದ್ದಾರೆ. ಕಟಾವು ಮುಗಿದ ಹೊಲದಲ್ಲಿ ಬಾದಲನನ್ನು ಒಮ್ಮೆ ಬಿಟ್ಟು, ತಮ್ಮನ ಮೊಬೈಲಿನಲ್ಲಿ ವಿಡಿಯೊ ಮಾಡಿಸಿ ಕಳುಹಿಸಿ. ಬೆಳಗ್ಗೆ ಬಿಸಿಲು ಬೆನ್ನಿಗಿರುವಂತೆ ನಿಂತು ತೆಗೆಯಲು ಹೇಳಿ.

ಕಾಕುವಿಗೆ ನನ್ನ ನಮಸ್ಕಾರ ತಿಳಿಸಿ. ಅವರ ಮಂಡಿನೋವು ಹೇಗಿದೆ ಎಂದು ಮರೆಯದೆ ಬರೆಯಿರಿ.

ಇಂತಿ,
ನಿಮ್ಮ ಮಗ